ನನ್ನ ಮಗಳು ಬರೆಯದ ಒಂದು ವಾಕ್ಯ

ಮುಖ್ಯೋಪಾಧ್ಯಾಯರಿಗೆ ಹಾಗೂ ಶಾಲೆಯ ವಾರ್ಷಿಕ ಸಂಚಿಕೆಯ ಸಂಪಾದಕ ಮಂಡಳಿಯವರಿಗೆ,

ಮಾನ್ಯರೇ,

ನಮಸ್ಕಾರ. ನಾನು ನಿಮ್ಮ ಶಾಲೆಯ ಒಂಬತ್ತನೇ ತರಗತಿಯ ವಿದ್ಯಾರ್ಥಿನಿಯೊಬ್ಬಳ ತಂದೆ. ಸಂಚಿಕೆಯಲ್ಲಿ ನನ್ನ ಮಗಳ ಪ್ರಬಂಧವನ್ನು ಅವಳಿಗೆ ಹೇಳದೆ ಬದಲಾಯಿಸಿದ ವಿಷಯಕ್ಕೆ ನಾನು ಬರೆಯುತ್ತಿರುವ ಮೂರನೇ ಪತ್ರ ಇದು. ಮೊದಲ ಎರಡನ್ನು ಲಕೋಟೆಯಲ್ಲಿ ಹಾಕಿ ಕಚೇರಿಯಲ್ಲಿ ಕೊಟ್ಟಿದ್ದೆ. ಒಂದಕ್ಕೂ ಉತ್ತರ ಬರಲಿಲ್ಲ. ಹಾಗಾಗಿ ಈ ಸಲ ಲಕೋಟೆ ಇಲ್ಲ. ನಾಲ್ಕು ಜನ ಓದಲಿ. ಅವರ ಮಕ್ಕಳೂ ಎಲ್ಲೋ ಒಂದು ಶಾಲೆಯಲ್ಲಿ ಪ್ರಬಂಧ ಬರೆಯುತ್ತಿರುತ್ತಾರೆ.

ಶಾಲೆಯ ಹೆಸರು, ನಿಮ್ಮ ಹೆಸರುಗಳು, ಮಗಳ ಹೆಸರು ಎಲ್ಲವನ್ನೂ ಬೇಕೆಂದೇ ಬಿಟ್ಟಿದ್ದೇನೆ. ಯಾರಿಗೂ ಮುಜುಗರ ಆಗಬಾರದು ಅನ್ನುವುದು ಒಂದು ಕಾರಣ. ಮಗಳು ಮುಂದಿನ ವರ್ಷವೂ ಅಲ್ಲೇ ಓದಬೇಕು ಅನ್ನುವುದು ಇನ್ನೊಂದು. ಇದೂ ಒಂದು ಥರದ ಸೆನ್ಸಾರೇ, ಅಲ್ವಾ? ಆದರೆ ಏನನ್ನು ಬಿಟ್ಟೆ, ಯಾಕೆ ಬಿಟ್ಟೆ ಎಂದು ಹೇಳಿಯೇ ಬಿಡುತ್ತಿದ್ದೇನೆ. ನೀವು ಹೇಳದೆ ಬಿಟ್ಟಿರಿ. ನನ್ನ ತಕರಾರು ಇರುವುದು ಅಷ್ಟಕ್ಕೇ.

ನಡೆದದ್ದನ್ನು ಮೊದಲು ಹೇಳುತ್ತೇನೆ.

ಕಳೆದ ವರ್ಷ ನನ್ನ ತಂದೆ ತೀರಿಕೊಂಡರು. ಕೊನೆಯ ಎರಡು ವರ್ಷ ಅವರ ನೆನಪು ಹೋಗುತ್ತಾ ಬಂದಿತ್ತು. ಮೊದಲು ದಿನ, ವಾರ ಮರೆತರು. ಆಮೇಲೆ ಮನೆಯ ದಾರಿ ಮರೆತರು. ಆಮೇಲೆ ನನ್ನನ್ನು. ನಡುರಾತ್ರಿ ಎದ್ದು ಕೂತು, 'ನನ್ನನ್ನು ನನ್ನ ಮನೆಗೆ ಕಳಿಸಿ' ಎಂದು ಕೂಗುತ್ತಿದ್ದರು. ಅವರು ಕೂತಿದ್ದದ್ದು ಅವರೇ ಕಟ್ಟಿಸಿದ ಮನೆಯಲ್ಲಿ. ನಮಗೆ ಯಾರಿಗೂ ಸರಿಯಾದ ನಿದ್ದೆ ಇರಲಿಲ್ಲ. ಮಗಳ ಕೋಣೆ ಅವರ ಕೋಣೆಯ ಪಕ್ಕದ್ದೇ. ಅವಳು ಎರಡು ವರ್ಷ ಪರೀಕ್ಷೆಗೆ ಓದಿದ್ದೆಲ್ಲ ಆ ಕೂಗನ್ನು ಕೇಳಿಸಿಕೊಂಡೇ.

ಸಂಚಿಕೆಗೆ ಬರಹ ಕೊಡಿ ಎಂದು ನೀವು ಕೇಳಿದಾಗ ಅವಳು ಅಜ್ಜನ ಬಗ್ಗೆ ಬರೆದಳು. ಎರಡು ಪುಟ. ಅದರ ಕೊನೆಯ ಪ್ಯಾರಾ ಹೀಗಿತ್ತು:

"ಅಜ್ಜ ಹೋದ ದಿನ ರಾತ್ರಿ ಮನೆ ತುಂಬಾ ಸುಮ್ಮನಿತ್ತು. ನನಗೆ ಅಳು ಬಂತು. ಆದರೆ ಸ್ವಲ್ಪ ಸಮಾಧಾನವೂ ಆಯಿತು. ಅಜ್ಜನಿಗೂ ಆಗಿರಬಹುದು. ಆ ರಾತ್ರಿ ನಾನು ಬೆಳಗಿನ ತನಕ ನಿದ್ದೆ ಮಾಡಿದೆ. ಎದ್ದ ಮೇಲೆ ಅದಕ್ಕೇ ಬೇಜಾರಾಯಿತು."

ಸಂಚಿಕೆಯಲ್ಲಿ ಅಚ್ಚಾಗಿ ಬಂದದ್ದು ಹೀಗೆ:

"ಅಜ್ಜ ಹೋದ ದಿನ ರಾತ್ರಿ ಮನೆ ತುಂಬಾ ಸುಮ್ಮನಿತ್ತು. ನನಗೆ ಅಳು ಬಂತು. ಅಜ್ಜನ ಆಶೀರ್ವಾದ ಸದಾ ನಮ್ಮೆಲ್ಲರ ಮೇಲಿರಲಿ."

ಕೆಳಗೆ ಅವಳ ಹೆಸರು, ತರಗತಿ, ವಿಭಾಗ.

ನಾಲ್ಕು ವಾಕ್ಯ ಹೋಗಿವೆ. ಒಂದು ವಾಕ್ಯ ಬಂದಿದೆ. ಹೋದದ್ದು ಎಲ್ಲಿಗೆ, ಬಂದದ್ದು ಎಲ್ಲಿಂದ ಎಂದು ಅವಳಿಗೆ ಯಾರೂ ಹೇಳಲಿಲ್ಲ. ಸಂಚಿಕೆ ಬಿಡುಗಡೆಯಾದ ದಿನ, ಸಭಾಂಗಣದಲ್ಲಿ ಕೂತು, ಪುಟ ತಿರುಗಿಸಿದಾಗಲೇ ಅವಳಿಗೆ ಗೊತ್ತಾದದ್ದು.

ಮನೆಗೆ ತಂದು ನನಗೆ ತೋರಿಸಲೂ ಇಲ್ಲ. ಎರಡು ದಿನ ಬಿಟ್ಟು ಅವಳ ಚೀಲದಲ್ಲಿ ನಾನೇ ನೋಡಿದೆ. ಓದಿ ಮುಗಿಸಿ, "ಇದು ನೀನು ಬರೆದದ್ದೇನೇ?" ಎಂದು ಕೇಳಿದೆ. "ಕೆಳಗೆ ನನ್ನ ಹೆಸರೇ ಇದೆಯಲ್ಲಪ್ಪ" ಎಂದಳು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಕ್ಲಾಸಲ್ಲಿ ಇಬ್ಬರು ಬಂದು ಕೊನೇ ಸಾಲು ತುಂಬಾ ಚೆನ್ನಾಗಿದೆ ಅಂದರು. ಥ್ಯಾಂಕ್ಸ್ ಅಂದೆ" ಎಂದಳು.

ಆ 'ಥ್ಯಾಂಕ್ಸ್' ಅನ್ನುವ ಮಾತು ನನಗೆ ಇನ್ನೂ ಚುಚ್ಚುತ್ತಿದೆ. ಅವಳು ಇನ್ನೇನು ತಾನೇ ಹೇಳಬಹುದಿತ್ತು?

ಆ ವಾರವೇ ನಾನು ಶಾಲೆಗೆ ಬಂದೆ. ಸಂಚಿಕೆಯ ಕೆಲಸ ನೋಡುವ ಟೀಚರ್ ತುಂಬಾ ಗೌರವದಿಂದಲೇ ಮಾತಾಡಿಸಿದರು. ಅದನ್ನು ಇಲ್ಲಿ ಹೇಳಲೇಬೇಕು. ಅವರು ಕೊಟ್ಟ ಕಾರಣಗಳನ್ನೂ ಬರೆಯುತ್ತೇನೆ. ಚಿಕ್ಕ ತರಗತಿಯ ಮಕ್ಕಳೂ ಸಂಚಿಕೆ ಓದುತ್ತಾರೆ. ಸಾವಿನಿಂದ ಸಮಾಧಾನ ಆಯಿತು ಅನ್ನುವುದು ಅವರಿಗೆ ತಪ್ಪಾಗಿ ಅರ್ಥವಾಗಬಹುದು. ಬರಹ ಯಾವಾಗಲೂ ಒಂದು ಒಳ್ಳೆಯ ಮಾತಿನಲ್ಲಿ ಮುಗಿಯಬೇಕು. ಕೊನೆಗೆ, "ನಿಮ್ಮ ಒಳ್ಳೆಯದಕ್ಕೇ ಸರ್. ಓದಿದವರು ನಿಮ್ಮ ಮನೆಯ ಬಗ್ಗೆ ಏನಂದುಕೊಳ್ಳುತ್ತಾರೆ?" ಎಂದರು. ಜಾಗ ಸಾಲಲಿಲ್ಲ ಎಂದೂ ಒಂದು ಮಾತು ಬಂತು. ಪ್ರಬಂಧದ ಕೆಳಗೆ ಅರ್ಧ ಪುಟದ ಹೂವಿನ ಚಿತ್ರ ಇದೆ. ಹಾಗಾಗಿ ಆ ಕಾರಣವನ್ನು ಬಿಟ್ಟುಬಿಡೋಣ.

ಉಳಿದ ಕಾರಣಗಳನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಅವುಗಳ ಬಗ್ಗೆ ವಾದ ಮಾಡಬಹುದು. ಒಂದೆರಡನ್ನು ನಾನು ಒಪ್ಪಿಕೊಳ್ಳಲೂಬಹುದು. ಆದರೆ ಈ ಕಾರಣಗಳು ನನಗೆ ಸಿಕ್ಕಿದ್ದು ಪುಸ್ತಕ ಅಚ್ಚಾದ ಮೇಲೆ, ನಾನಾಗಿ ಬಂದು ಕೇಳಿದಾಗ. ಬರೆದವಳಿಗೆ ಇವತ್ತಿನವರೆಗೂ ಸಿಕ್ಕಿಲ್ಲ. ಅವಳು ದಿನಾ ಅದೇ ಕಾರಿಡಾರಿನಲ್ಲಿ ಓಡಾಡುತ್ತಾಳೆ. ಒಂದು ಸಲ ಕರೆದು ಹೇಳಲು ಎಷ್ಟು ಹೊತ್ತು ಬೇಕಿತ್ತು?

ಇಲ್ಲಿ ನನ್ನದೂ ಒಂದು ತಪ್ಪೊಪ್ಪಿಗೆ ಇದೆ. ಮುಚ್ಚಿಟ್ಟರೆ ಈ ಪತ್ರಕ್ಕೆ ಬೆಲೆ ಇರುವುದಿಲ್ಲ.

ಆ ಪ್ರಬಂಧಕ್ಕೆ ಮೊದಲು ಕತ್ತರಿ ಹಾಕಿದವನು ನಾನೇ. ಅವಳ ಮೊದಲ ಕರಡಿನಲ್ಲಿ ಒಂದು ವಾಕ್ಯ ಇತ್ತು. "ಅಜ್ಜ ನೀನು ಯಾರು ಎಂದು ಕೇಳಿದ ದಿನ ಅಪ್ಪ ಬಚ್ಚಲುಮನೆಗೆ ಹೋಗಿ ಅತ್ತರು." ಓದಿದ ಕೂಡಲೇ ನನ್ನ ಮುಖ ಬಿಸಿಯಾಯಿತು. ಅವಳಿಗೆ ಅದು ಗೊತ್ತಿತ್ತು ಅನ್ನುವುದೇ ನನಗೆ ಗೊತ್ತಿರಲಿಲ್ಲ. "ಇದನ್ನು ತೆಗಿ" ಎಂದೆ. "ಯಾಕೆ?" ಎಂದಳು. "ಸುಮ್ನೆ ತೆಗಿ" ಎಂದೆ. "ಸುಮ್ನೆ ಅಂದರೆ ತೆಗೆಯಲ್ಲ. ನಡೆದಿದೆಯಲ್ಲ" ಎಂದಳು.

ಅರ್ಧ ಗಂಟೆ ಜಗಳ ಆಯಿತು. ಕೊನೆಗೆ ನಿಜವಾದ ಕಾರಣ ಹೇಳಲೇಬೇಕಾಯಿತು. ಆಫೀಸಿನವರು ಓದಿದರೆ ನನಗೆ ನಾಚಿಕೆ ಆಗುತ್ತದೆ, ನಾನು ಯಾರ ಎದುರೂ ಅತ್ತವನಲ್ಲ ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಹಾಳೆ ತೆಗೆದುಕೊಂಡು ಒಳಗೆ ಹೋದಳು. ತಿದ್ದಿ ತಂದಾಗ ಅಲ್ಲಿ ಹೀಗಿತ್ತು: "ಅಜ್ಜ ನೀನು ಯಾರು ಎಂದು ಕೇಳಿದರು. ಅಪ್ಪ ಬಚ್ಚಲುಮನೆಗೆ ಹೋದರು. ನಲ್ಲಿ ತುಂಬಾ ಹೊತ್ತು ಬಿಟ್ಟೇ ಇತ್ತು."

ಮೊದಲ ವಾಕ್ಯಕ್ಕಿಂತ ಇದು ಚೆನ್ನಾಗಿದೆ ಎಂದು ನನಗೆ ಆಗಲೇ ಅನ್ನಿಸಿತು. ನನ್ನ ನಾಚಿಕೆಯೂ ಉಳಿಯಿತು, ಅವಳ ನಿಜವೂ ಉಳಿಯಿತು. ನಾನು ತೆಗೆ ಎಂದದ್ದು ಸರಿಯೋ ತಪ್ಪೋ, ಇನ್ನೂ ತೀರ್ಮಾನ ಆಗಿಲ್ಲ. ತಪ್ಪೇ ಇರಬೇಕು. ಆದರೆ ಅವಳ ಎದುರು ಕೂತು, ಕಾರಣ ಹೇಳಿ, ಅವಳ ಕೈಯಲ್ಲೇ ಪೆನ್ನು ಬಿಟ್ಟೆ.

ಒಂದು ತಮಾಷೆ ಕೇಳಿ. ಆ ನಲ್ಲಿಯ ವಾಕ್ಯ ನಿಮ್ಮ ಸಂಚಿಕೆಯಲ್ಲಿ ಹಾಗೇ ಅಚ್ಚಾಗಿದೆ. ಮಂಡಳಿಯ ಕತ್ತರಿಗೆ 'ಸಮಾಧಾನ' ಅನ್ನುವ ಪದ ಸಿಕ್ಕಿತು, 'ನಿದ್ದೆ' ಅನ್ನುವ ಪದ ಸಿಕ್ಕಿತು. ನಲ್ಲಿಯ ಸದ್ದು ಸಿಗಲಿಲ್ಲ. ಇಡೀ ಪ್ರಬಂಧದಲ್ಲಿ ಎಲ್ಲಕ್ಕಿಂತ ಜಾಸ್ತಿ ದುಃಖ ಇರುವುದು ಅಲ್ಲೇ.

ಪದ ಹುಡುಕುವ ಕತ್ತರಿ ಹೀಗೇ ಕೆಲಸ ಮಾಡುವುದು. 1996ರಲ್ಲಿ ಇಂಗ್ಲೆಂಡಿನ ಸ್ಕಂತೋರ್ಪ್ ಎಂಬ ಊರಿನವರಿಗೆ ಎಒಎಲ್ ಎಂಬ ಇಂಟರ್ನೆಟ್ ಕಂಪನಿಯಲ್ಲಿ ಖಾತೆ ತೆರೆಯಲು ಆಗಲಿಲ್ಲ. ಆ ಊರಿನ ಇಂಗ್ಲಿಷ್ ಕಾಗುಣಿತದ ಒಳಗೆ ಒಂದು ಬೈಗುಳದ ಅಕ್ಷರಗಳು ಸಾಲಾಗಿ ಬರುತ್ತವೆ. ಯಂತ್ರಕ್ಕೆ ಊರು ಕಾಣಲಿಲ್ಲ, ಬೈಗುಳ ಕಂಡಿತು. ಯಂತ್ರಕ್ಕಾದರೆ ಕ್ಷಮೆ ಇದೆ. ಟೀಚರಿಗೆ ಓದಲು ಬರುತ್ತದೆ.

ಸೆನ್ಸಾರ್ ಅಂದ ಕೂಡಲೇ ನಮಗೆ ಸರ್ಕಾರ, ಸಿನಿಮಾ, ಪತ್ರಿಕೆ ಇವೇ ನೆನಪಾಗುತ್ತವೆ. ನಾನೂ ಹಾಗೇ ಅಂದುಕೊಂಡಿದ್ದೆ. ಈ ಘಟನೆ ಆದ ಮೇಲೆ ನನ್ನದೇ ದಿನವನ್ನು ಗಮನಿಸತೊಡಗಿದೆ. ಬೆಳಗಿನಿಂದ ರಾತ್ರಿ ತನಕ ಎಷ್ಟು ಕತ್ತರಿ! ಆಫೀಸಿನ ವರದಿಯಲ್ಲಿ 'ತಪ್ಪಾಗಿದೆ' ಎಂದು ಬರೆದದ್ದನ್ನು ಮೇಲಿನವರು 'ಸುಧಾರಣೆಗೆ ಅವಕಾಶವಿದೆ' ಎಂದು ಮಾಡುತ್ತಾರೆ. ಮುಂದಿನ ಸಲ ನಾನೇ ಹಾಗೆ ಬರೆದುಬಿಡುತ್ತೇನೆ. ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಏನೋ ಟೈಪ್ ಮಾಡುತ್ತೇನೆ, ಅಳಿಸುತ್ತೇನೆ, ಒಂದು ಕೈಮುಗಿಯುವ ಚಿತ್ರ ಹಾಕಿ ಸುಮ್ಮನಾಗುತ್ತೇನೆ. ಟೀವಿಯಲ್ಲಿ ಯಾರೋ ಬೈದರೆ 'ಬೀಪ್' ಬರುತ್ತದೆ. ಆಗ ಮನೆಯಲ್ಲಿ ಎಲ್ಲರೂ ತಲೆ ಎತ್ತಿ ನೋಡುತ್ತಾರೆ, ಅಷ್ಟು ಹೊತ್ತು ಯಾರೂ ನೋಡುತ್ತಿರಲಿಲ್ಲ. ದೊಡ್ಡವರ ಮಾತಿನ ನಡುವೆ ಮಗು ಬಂದರೆ ಮಾತು ಬದಲಾಗುತ್ತದೆ. ಮಗುವಿಗೆ ಮಾತು ಬದಲಾದದ್ದು ಚೆನ್ನಾಗಿಯೇ ಗೊತ್ತಾಗುತ್ತದೆ.

ಇವುಗಳಲ್ಲಿ ಬಹಳಷ್ಟು ಅನಿವಾರ್ಯ. ಎಲ್ಲವನ್ನೂ ಎಲ್ಲರೆದುರೂ ಆಡುತ್ತಾ ಹೋದರೆ ಬದುಕಲು ಆಗುವುದಿಲ್ಲ. ಆದರೆ ಒಂದು ಸಣ್ಣ ವಿಷಯ ಗಮನಿಸಿ. ಬೀಪ್ ಬಂದಾಗ ಅಲ್ಲೊಂದು ಮಾತು ಇತ್ತು ಎಂದು ಗೊತ್ತಾಗುತ್ತದೆ. ವಾಟ್ಸಾಪ್‌ನಲ್ಲಿ ಕಳಿಸಿದ್ದನ್ನು ಎಲ್ಲರಿಗೂ ಅಳಿಸಿದರೆ, ಆ ಜಾಗದಲ್ಲಿ ಸಂದೇಶ ಅಳಿಸಲಾಗಿದೆ ಎಂಬ ಒಂದು ಸಾಲು ಉಳಿಯುತ್ತದೆ. ಒಂದು ಫೋನಿಗೆ ಇರುವಷ್ಟು ಮರ್ಯಾದೆ ನಮ್ಮ ಸಂಚಿಕೆಗೆ ಇರಲಿಲ್ಲ. ಮಗಳ ಪ್ರಬಂಧದಲ್ಲಿ ಕತ್ತರಿಸಿದ ಗುರುತೇ ಇಲ್ಲ. ಹೊಲಿಗೆ ಕಾಣದಂತೆ ಹೊಲಿದಿದ್ದೀರಿ.

ಸಿನಿಮಾದವರಿಗಾದರೂ ಈ ವಿಷಯದಲ್ಲಿ ಒಂದು ಕ್ರಮ ಇದೆ. ನಮ್ಮ ದೇಶದ ಸೆನ್ಸಾರ್ ಮಂಡಳಿ 1983ರಲ್ಲಿ ತನ್ನ ಹೆಸರಿನಿಂದಲೇ 'ಸೆನ್ಸಾರ್' ಪದ ತೆಗೆದು 'ಪ್ರಮಾಣೀಕರಣ' ಎಂದು ಹಾಕಿಕೊಂಡಿತು. ಜನ ಮಾತ್ರ ಇವತ್ತಿಗೂ 'ಸೆನ್ಸಾರ್ ಆಯ್ತಾ?' ಎಂದೇ ಕೇಳುತ್ತಾರೆ. ಅಲ್ಲಿ ಏನಾದರೂ ಕತ್ತರಿಸಬೇಕೆಂದರೆ ನಿರ್ಮಾಪಕರಿಗೆ ತಿಳಿಸಬೇಕು. ಒಪ್ಪದಿದ್ದರೆ ಅವರು ಮೇಲೆ ಹೋಗಬಹುದು, ಕೋರ್ಟಿನವರೆಗೂ ಹೋಗಬಹುದು. ಆ ಮಂಡಳಿಯ ಮೇಲೆ ಜನರಿಗೆ ನೂರು ದೂರು ಇದೆ, ನನಗೂ ಇದೆ. ಆದರೂ ನಿರ್ದೇಶಕ ತನ್ನ ಸಿನಿಮಾ ಬದಲಾಗಿದೆ ಎಂದು ಚಿತ್ರಮಂದಿರದಲ್ಲಿ ಕೂತ ಮೇಲೆ ತಿಳಿದುಕೊಳ್ಳುವ ಪರಿಸ್ಥಿತಿ ಇಲ್ಲ.

ಮಕ್ಕಳ ಒಳ್ಳೆಯದಕ್ಕೆಂದು ಕತ್ತರಿ ಹಿಡಿದವರು ನೀವೇ ಮೊದಲಲ್ಲ. 1807ರಲ್ಲಿ ಇಂಗ್ಲೆಂಡಿನಲ್ಲಿ ಷೇಕ್ಸ್‌ಪಿಯರ್‌ನ 20 ನಾಟಕಗಳ ಒಂದು 'ಕುಟುಂಬದ ಆವೃತ್ತಿ' ಬಂತು. ಮನೆಮಂದಿಯ ಎದುರು ಗಟ್ಟಿಯಾಗಿ ಓದಲಾಗದ ಮಾತುಗಳನ್ನು ಅದರಲ್ಲಿ ತೆಗೆದಿದ್ದರು. ಆ ಕೆಲಸ ಮಾಡಿದ್ದು ಹೆನ್ರಿಯೆಟಾ ಬೌಡ್ಲರ್ ಎಂಬ ಹೆಂಗಸು. ಆದರೆ ಪುಸ್ತಕದ ಮೇಲೆ ಅವಳ ಹೆಸರಿಲ್ಲ. ಯಾವ ಮಾತು ಕೆಟ್ಟದ್ದು ಎಂದು ಆರಿಸಬೇಕಾದರೆ ಅದರ ಅರ್ಥ ಗೊತ್ತಿರಬೇಕಲ್ಲ! ಮರ್ಯಾದಸ್ತ ಮನೆಯ ಮದುವೆಯಾಗದ ಹೆಂಗಸು ಅದನ್ನು ಒಪ್ಪಿಕೊಳ್ಳುವುದು ಹೇಗೆ? 1818ರಲ್ಲಿ ಅವಳ ತಮ್ಮ ಥಾಮಸ್ ಎಲ್ಲ ನಾಟಕಗಳನ್ನು ಸೇರಿಸಿ ಇನ್ನೊಂದು ಆವೃತ್ತಿ ತಂದ. ಅದು ಅವನ ಹೆಸರಿನಲ್ಲಿ ಬಂತು. ಇಂಗ್ಲಿಷಿನಲ್ಲಿ ಹೀಗೆ ಕತ್ತರಿಸುವುದಕ್ಕೆ ಇವತ್ತಿಗೂ ಅವನ ಹೆಸರಿನಿಂದಲೇ ಒಂದು ಕ್ರಿಯಾಪದ ಇದೆ, ಅದೂ ಗೇಲಿಯ ಪದ. ಕತ್ತರಿ ಹಿಡಿದ ಅಕ್ಕ ಮಾತ್ರ ತಾನೇ ಸೆನ್ಸಾರ್ ಆಗಿಹೋದಳು.

ಆದರೆ ಆ ಥಾಮಸ್ ಬೌಡ್ಲರ್ ಕೂಡ ಪುಸ್ತಕದ ಮೊದಲ ಪುಟದಲ್ಲೇ ಒಂದು ಮಾತು ಹೇಳಿಕೊಂಡಿದ್ದ. ಮೂಲಕ್ಕೆ ಏನನ್ನೂ ಸೇರಿಸಿಲ್ಲ, ಕೆಲವು ಮಾತುಗಳನ್ನು ಬಿಟ್ಟಿದ್ದೇನೆ, ಅಷ್ಟೆ ಎಂದು. ನಗೆಪಾಟಲಿಗೆ ಗುರಿಯಾದ ಆ ಮನುಷ್ಯ ಕೂಡ ಎರಡು ನಿಯಮ ಇಟ್ಟುಕೊಂಡಿದ್ದ. ಬಿಟ್ಟಿದ್ದೇನೆ ಎಂದು ಹೇಳುವುದು, ಸೇರಿಸದೆ ಇರುವುದು. ನಮ್ಮ ಸಂಚಿಕೆಯಲ್ಲಿ ಈ ಎರಡೂ ಇಲ್ಲ.

ಇನ್ನೊಂದು ಕಥೆ ಶಾಲೆಗೆ ಇನ್ನೂ ಹತ್ತಿರದ್ದು. ಅಮೆರಿಕದ ಲೇಖಕ ರೇ ಬ್ರ್ಯಾಡ್‌ಬರಿ 1953ರಲ್ಲಿ 'ಫ್ಯಾರನ್‌ಹೀಟ್ 451' ಎಂಬ ಕಾದಂಬರಿ ಬರೆದರು. ಪುಸ್ತಕ ಸುಡುವುದೇ ಕೆಲಸವಾದ ಒಂದು ಸಮಾಜದ ಕಥೆ ಅದು. 1967ರಲ್ಲಿ ಪ್ರಕಾಶಕರು ಶಾಲೆಗಳಿಗೆಂದು ಒಂದು ಆವೃತ್ತಿ ತಂದರು. ಅದರಲ್ಲಿ ಸುಮಾರು 75 ಕಡೆ ಮಾತುಗಳನ್ನು ಬದಲಾಯಿಸಿದ್ದರು. ಲೇಖಕರಿಗೆ ಹೇಳಲಿಲ್ಲ. ಪುಸ್ತಕದಲ್ಲೂ ಎಲ್ಲೂ ಬರೆಯಲಿಲ್ಲ. 1973ರಿಂದ ಕೆಲವು ವರ್ಷ ಆ ಆವೃತ್ತಿಯೊಂದೇ ಅಂಗಡಿಗಳಲ್ಲಿ ಸಿಗುತ್ತಿತ್ತು. ಸೆನ್ಸಾರ್ ವಿರುದ್ಧ ಬರೆದ ಪುಸ್ತಕವನ್ನೇ ಸೆನ್ಸಾರ್ ಮಾಡಿ, ಅದನ್ನೇ ಮಕ್ಕಳಿಗೆ ಪಾಠ ಮಾಡುತ್ತಿದ್ದರು. ಕೊನೆಗೆ ಅದು ಲೇಖಕರ ಕಿವಿಗೆ ಬಿದ್ದದ್ದು ವಿದ್ಯಾರ್ಥಿಗಳಿಂದ. 1980ರಲ್ಲಿ ಮೂಲ ಪಾಠ ಮತ್ತೆ ಅಚ್ಚಾಯಿತು. ಹನ್ನೆರಡು ಹದಿಮೂರು ವರ್ಷ ಯಾರಿಗೂ ಗೊತ್ತಾಗದೆ ಉಳಿದದ್ದು ಯಾಕೆ? ಗುರುತು ಇರಲಿಲ್ಲ, ಅದಕ್ಕೆ. ಕತ್ತರಿಸಿದ ಜಾಗ ಕಾಣದಿದ್ದರೆ ಕೇಳುವವರು ಯಾರು?

ಅಮೆರಿಕದ ಮಿಸೌರಿಯಲ್ಲಿ ನಡೆದದ್ದನ್ನೂ ನಿಮ್ಮ ಗಮನಕ್ಕೆ ತರುತ್ತೇನೆ. ಅದರಲ್ಲಿ ಗೆದ್ದದ್ದು ಶಾಲೆಯೇ. 1983ರಲ್ಲಿ ಹೇಜಲ್‌ವುಡ್ ಈಸ್ಟ್ ಪ್ರೌಢಶಾಲೆಯ ವಿದ್ಯಾರ್ಥಿಗಳು ತಮ್ಮ ಪತ್ರಿಕೆಗೆ ಎರಡು ಲೇಖನ ಬರೆದಿದ್ದರು. ಒಂದು ಗರ್ಭಿಣಿಯರಾದ ಸಹಪಾಠಿಗಳ ಬಗ್ಗೆ. ಇನ್ನೊಂದು ಅಪ್ಪ ಅಮ್ಮ ವಿಚ್ಛೇದನ ಪಡೆದ ಮಕ್ಕಳ ಬಗ್ಗೆ. ಪ್ರಿನ್ಸಿಪಾಲರು ಆ ಲೇಖನಗಳಿದ್ದ ಎರಡು ಪುಟಗಳನ್ನೇ ತೆಗೆಸಿದರು. ಪತ್ರಿಕೆ ಅಚ್ಚಾಗಿ ಕೈಗೆ ಬಂದಾಗಲೇ ಮಕ್ಕಳಿಗೆ ಗೊತ್ತಾದದ್ದು. ಅವರು ಕೋರ್ಟಿಗೆ ಹೋದರು. 1988ರ ಜನವರಿಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 5–3ರ ಬಹುಮತದಿಂದ ಶಾಲೆಯ ಪರ ತೀರ್ಪು ಕೊಟ್ಟಿತು. ಪಾಠದ ಭಾಗವಾಗಿ ಶಾಲೆ ನಡೆಸುವ ಪತ್ರಿಕೆಯಲ್ಲಿ, ಕಲಿಕೆಗೆ ಸಂಬಂಧಪಟ್ಟ ಸರಿಯಾದ ಕಾರಣ ಇದ್ದರೆ, ಶಾಲೆ ಕತ್ತರಿಸಬಹುದು ಎಂದಿತು.

ಅಂದರೆ ಕತ್ತರಿಸುವ ಹಕ್ಕು ನಿಮಗೆ ಇದೆಯೋ ಇಲ್ಲವೋ ಎಂದು ನಾನು ಜಗಳಕ್ಕೆ ನಿಂತಿಲ್ಲ. ಇದೆ ಎಂದೇ ಇಟ್ಟುಕೊಳ್ಳೋಣ. ಆ ಪ್ರಿನ್ಸಿಪಾಲರಿಗೂ ಕಾರಣಗಳಿದ್ದವು. ಹೆಸರು ಬದಲಿಸಿದ್ದರೂ ಆ ಹುಡುಗಿಯರ ಗುರುತು ಸಿಗಬಹುದು ಎಂದರು. ವಿಚ್ಛೇದನದ ಲೇಖನದಲ್ಲಿ ಬೈಸಿಕೊಂಡ ತಂದೆಗೆ ಉತ್ತರ ಕೊಡಲು ಅವಕಾಶ ಸಿಕ್ಕಿಲ್ಲ ಎಂದರು. ಎರಡೂ ತೂಕದ ಮಾತೇ. ಆ ಮಾತನ್ನು ಮಕ್ಕಳ ಎದುರು ಕೂತು ಹೇಳಿದ್ದರೆ ಅದೇ ಒಂದು ಒಳ್ಳೆಯ ಪಾಠ ಆಗುತ್ತಿತ್ತು. ಪತ್ರಿಕೋದ್ಯಮದ ತರಗತಿಯೇ ತಾನೇ ಅದು! ಹೇಳದೆ ತೆಗೆಸಿದ್ದರಿಂದ ಮಕ್ಕಳು ಕಲಿತದ್ದು ಬೇರೆ ಪಾಠ.

ನನ್ನ ಮಗಳೂ ಅಂಥದ್ದೇ ಒಂದು ಪಾಠ ಕಲಿತಿದ್ದಾಳೆ. ನಾನು ಈ ಪತ್ರ ಬರೆಯಲು ಕೂತದ್ದು ಅದಕ್ಕೇ.

ಮೊದಲು ಅವಳು ಬರೆದು ಮುಗಿಸಿ ತೋರಿಸುತ್ತಿದ್ದಳು. ಈಗ ಬರೆಯುವ ಮೊದಲೇ ಬಂದು ನಿಲ್ಲುತ್ತಾಳೆ. "ಅಪ್ಪ, ಇದು ಬರೆಯಬಹುದಾ?" ಕಳೆದ ತಿಂಗಳು 'ನನ್ನ ಗೆಳತಿ' ಎಂದು ಒಂದು ಪ್ರಬಂಧ ಕೊಟ್ಟಿದ್ದರು. ಅವಳಿಗೂ ಅವಳ ಗೆಳತಿಗೂ ನಡುವೆ ದೊಡ್ಡ ಜಗಳ ಆಗಿ, ಆಮೇಲೆ ಸರಿಹೋಗಿತ್ತು. ಬರೆಯಲು ಅದಕ್ಕಿಂತ ಒಳ್ಳೆಯ ವಿಷಯ ಎಲ್ಲಿ ಸಿಗುತ್ತದೆ? ಅವಳು ಬರೆದದ್ದು, 'ನನ್ನ ಗೆಳತಿ ತುಂಬಾ ಒಳ್ಳೆಯವಳು. ನಾವು ಎಂದೂ ಜಗಳವಾಡಿಲ್ಲ. ನಮ್ಮ ಸ್ನೇಹ ಸದಾ ಹೀಗೆಯೇ ಇರಲಿ' ಎಂದು. ಹತ್ತಕ್ಕೆ ಒಂಬತ್ತು ಅಂಕ ಬಂತು. ಆ 'ಸದಾ' ಪದ ನೋಡಿದಿರಾ? ಅದು ಅವಳ ಪದ ಅಲ್ಲ. ನಿಮ್ಮ ಸಂಚಿಕೆಯಿಂದ ಕಲಿತದ್ದು.

ನಿಮ್ಮ ಕತ್ತರಿಗೆ ಇನ್ನು ಕೆಲಸವೇ ಇಲ್ಲ. ಅವಳೇ ಕತ್ತರಿಸಿ ಕೊಡುತ್ತಾಳೆ.

ಇಲ್ಲಿ ಇನ್ನೊಂದು ವಾಕ್ಯ ಇತ್ತು. ಪತ್ರ ಕಳಿಸುವ ಮೊದಲು ಮಗಳಿಗೆ ಓದಲು ಕೊಟ್ಟೆ. ಅವಳ ಗೆಳತಿಗೆ ಸಂಬಂಧಪಟ್ಟದ್ದು, ಆ ಗೆಳತಿ ಗುಟ್ಟಾಗಿ ಹೇಳಿದ ಮಾತು, ಅದು ಬೇಡ ಎಂದಳು. ತೆಗೆದಿದ್ದೇನೆ.

ಖಾಲಿ ಜಾಗಕ್ಕೂ ಒಂದು ಬೆಲೆ ಇದೆ. 1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾಗಿ ಪತ್ರಿಕೆಗಳ ಮೇಲೆ ಸೆನ್ಸಾರ್ ಬಂತು. ಜೂನ್ 28ರಂದು 'ಇಂಡಿಯನ್ ಎಕ್ಸ್‌ಪ್ರೆಸ್' ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟು ಪತ್ರಿಕೆ ತಂದಿತು. ಒಂದು ಅಕ್ಷರ ಇಲ್ಲದಿದ್ದರೂ ಓದುಗರಿಗೆ ಎಲ್ಲ ಅರ್ಥವಾಯಿತು. ಆಮೇಲೆ ಸೆನ್ಸಾರ್ ಅಧಿಕಾರಿಗಳು ಹಾಗೆ ಖಾಲಿ ಬಿಡುವುದೂ ಕೂಡದು ಎಂದರು. ಅವರಿಗೆ ಬರೆದ ಮಾತಿಗಿಂತ ಬರೆಯದ ಜಾಗದ ಭಯವೇ ಜಾಸ್ತಿಯಾಯಿತು. ಅದೇ ದಿನಗಳಲ್ಲಿ ಮುಂಬೈನಲ್ಲಿ ಒಬ್ಬರು 'ಟೈಮ್ಸ್ ಆಫ್ ಇಂಡಿಯಾ'ದ ನಿಧನ ವಾರ್ತೆಯ ಅಂಕಣಕ್ಕೆ ಒಂದು ಸಣ್ಣ ಜಾಹೀರಾತು ಕೊಟ್ಟರು. ಅದರಲ್ಲಿ ತೀರಿಕೊಂಡವರ ಹೆಸರನ್ನು ಕೂಡಿಸಿ ಓದಿದರೆ ಇಂಗ್ಲಿಷಿನಲ್ಲಿ 'ಡೆಮಾಕ್ರಸಿ' ಎಂದಾಗುತ್ತಿತ್ತು. ಹೆಂಡತಿಯ ಹೆಸರು 'ಟ್ರೂತ್', ಮಗನ ಹೆಸರು 'ಲಿಬರ್ಟಿ'. ಯಾರ ಕಣ್ಣಿಗೂ ಬೀಳದೆ ಅಚ್ಚಾಯಿತು. ನಮ್ಮ ಬಚ್ಚಲುಮನೆಯ ನಲ್ಲಿಯ ಹಾಗೆ.

ಒಂದು ಶಾಲೆಯ ಸಂಚಿಕೆಯನ್ನೂ ತುರ್ತು ಪರಿಸ್ಥಿತಿಯನ್ನೂ ಒಟ್ಟಿಗೆ ಇಡುತ್ತಿದ್ದೀರಲ್ಲ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅಲ್ಲಿ ಜೈಲು ಇತ್ತು. ಇಲ್ಲಿರುವುದು ಒಬ್ಬ ಒಳ್ಳೆಯ ಟೀಚರ್, ಕೈಯಲ್ಲಿ ಒಂದು ಕೆಂಪು ಪೆನ್ನು, ಅಚ್ಚಿಗೆ ಕಳಿಸಲು ಎರಡೇ ದಿನ ಬಾಕಿ. ನಾನು ಅವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿಲ್ಲ. ಆದರೆ ದೊಡ್ಡ ಸೆನ್ಸಾರನ್ನು ಜನ ಗುರುತು ಹಿಡಿಯುತ್ತಾರೆ, ಬೈಯುತ್ತಾರೆ, ದಾರಿ ಹುಡುಕುತ್ತಾರೆ. ಚಿಕ್ಕದ್ದಕ್ಕೆ ಹೆಸರೇ ಇಲ್ಲ. 'ಸ್ವಲ್ಪ ತಿದ್ದಿದ್ದೇವೆ' ಅನ್ನುತ್ತಾರೆ. ಹದಿನಾಲ್ಕು ವರ್ಷದ ಹುಡುಗಿಗೆ ಅದನ್ನು ಎದುರಿಸುವ ಭಾಷೆ ಎಲ್ಲಿಂದ ಬರಬೇಕು? ಅವಳು ಥ್ಯಾಂಕ್ಸ್ ಹೇಳುತ್ತಾಳೆ.

ತಿದ್ದಲೇಬಾರದು ಎಂದು ನಾನು ಹೇಳುತ್ತಿಲ್ಲ, ಇದು ಸ್ಪಷ್ಟವಾಗಿರಲಿ. ಕಾಗುಣಿತ ತಿದ್ದಿ. ಉದ್ದವಾದರೆ ಕಡಿಮೆ ಮಾಡಿ. ಯಾರನ್ನಾದರೂ ಹೆಸರು ಹಿಡಿದು ಹೀಯಾಳಿಸಿದ್ದರೆ ತೆಗೆಯಿರಿ. ಯಾರದ್ದಾದರೂ ಮನೆಯ ಗುಟ್ಟು, ಫೋನ್ ನಂಬರು, ಕಾಯಿಲೆಯ ವಿವರ ಹೊರಗೆ ಬಂದಿದ್ದರೆ ಖಂಡಿತ ನಿಲ್ಲಿಸಿ. ನನ್ನ ತಂದೆಯ ಕಾಯಿಲೆಯ ಬಗ್ಗೆಯೇ ನೀವು ನನ್ನನ್ನು ಕೇಳಬಹುದಿತ್ತು. ಕೇಳಿದ್ದರೆ ನಾನು, ಅವಳ ಅಮ್ಮ, ಅವಳು ಕೂತು ಯೋಚಿಸುತ್ತಿದ್ದೆವು. ವಿಚಿತ್ರ ಏನೆಂದರೆ ಆ ವಿವರವೆಲ್ಲ ಹಾಗೇ ಅಚ್ಚಾಗಿದೆ. ಹೋದದ್ದು ಅವಳಿಗೆ ಏನನ್ನಿಸಿತು ಅನ್ನುವುದು ಮಾತ್ರ.

ಚಿಕ್ಕ ಮಕ್ಕಳು ತಪ್ಪು ತಿಳಿಯುತ್ತಾರೆ ಎಂಬ ಟೀಚರ ಮಾತಿಗೂ ಒಂದು ಉತ್ತರ ಕೊಡಬೇಕು. ನಿಮ್ಮ ಶಾಲೆಯಲ್ಲಿ ಇನ್ನೂ ಎಷ್ಟು ಮಕ್ಕಳ ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜ ಅಜ್ಜಿ ಇದ್ದಾರೋ ನನಗೆ ಗೊತ್ತಿಲ್ಲ. ಇದ್ದೇ ಇರುತ್ತಾರೆ. ಅವರಲ್ಲಿ ಯಾರೋ ಒಬ್ಬರಿಗೆ ರಾತ್ರಿ ಹೊತ್ತು 'ಇದು ಮುಗಿದರೆ ಸಾಕು' ಅನ್ನಿಸಿರುತ್ತದೆ. ಹಾಗೆ ಅನ್ನಿಸಿದ್ದಕ್ಕೆ ತಾನು ಕೆಟ್ಟವನು ಎಂದು ಆ ಮಗು ಅಂದುಕೊಂಡಿರುತ್ತದೆ. ನಾನು ದೊಡ್ಡವನು, ನನಗೇ ಹಾಗನ್ನಿಸಿತ್ತು. ಮಗಳ ಕೈಬರಹದಲ್ಲಿ 'ಸಮಾಧಾನವೂ ಆಯಿತು' ಎಂದು ಓದಿದ ದಿನ ನನ್ನ ಎದೆಯ ಮೇಲಿಂದ ಏನೋ ಇಳಿಯಿತು. ಅದು ಇನ್ನೂ ನಾಲ್ಕು ಮಕ್ಕಳಿಗೆ ಆಗಬಹುದಿತ್ತು. ಅವರಿಗೆ ಸಿಕ್ಕಿದ್ದು ಆಶೀರ್ವಾದ.

ಇನ್ನು ನನ್ನ ಬೇಡಿಕೆಗಳು. ಸಂಚಿಕೆ ವಾಪಸ್ ತೆಗೆದುಕೊಳ್ಳಿ, ಮತ್ತೆ ಅಚ್ಚು ಹಾಕಿಸಿ ಎಂದು ಕೇಳುವುದಿಲ್ಲ. ಟೀಚರ ಮೇಲೆ ಕ್ರಮ ಬೇಡವೇ ಬೇಡ.

ಮಗುವಿನ ಹೆಸರಿನಲ್ಲಿ ಮಗು ಬರೆಯದ ವಾಕ್ಯ ಅಚ್ಚಾಗಬಾರದು. ಇದೊಂದರಲ್ಲಿ ನಾನು ರಾಜಿಯಾಗುವುದಿಲ್ಲ. ತೆಗೆಯುವುದು ಒಂದು ಮಾತು. ಸೇರಿಸುವುದು ಬೇರೆಯದೇ ಮಾತು. ಅದು ಇನ್ನೊಬ್ಬರ ಬಾಯಲ್ಲಿ ನಾವು ಮಾತಾಡಿದ ಹಾಗೆ. ಆಶೀರ್ವಾದದ ವಾಕ್ಯ ಬೇಕೇ ಬೇಕು ಅನ್ನಿಸಿದರೆ ಸಂಪಾದಕರ ಟಿಪ್ಪಣಿ ಎಂದು ಕೆಳಗೆ ಹಾಕಿ, ನಿಮ್ಮ ಹೆಸರಿನಲ್ಲಿ.

ತೆಗೆಯುವುದಾದರೆ ಅಚ್ಚಿಗೆ ಹೋಗುವ ಮೊದಲು ಬರೆದ ಮಗುವನ್ನು ಕರೆದು ಪ್ರೂಫ್ ತೋರಿಸಿ. 'ಇದನ್ನು ತೆಗೆಯುತ್ತಿದ್ದೇವೆ, ಕಾರಣ ಇದು' ಎಂದು ಹೇಳಿ. ಮಗುವಿಗೆ ಬೇರೆ ಥರ ಬರೆಯಲು ಒಂದು ದಿನ ಕೊಡಿ. ಬೇಡ, ಹಾಗಾದರೆ ಪ್ರಬಂಧವನ್ನೇ ವಾಪಸ್ ಕೊಡಿ ಎಂದು ಮಗು ಕೇಳಿದರೆ ಕೊಟ್ಟುಬಿಡಿ. ಅಷ್ಟು ಮಕ್ಕಳನ್ನು ಕರೆದು ಕೂರಿಸಲು ಸಮಯ ಎಲ್ಲಿದೆ ಎಂದರೆ, ಬರಹ ಕಡಿಮೆ ಹಾಕಿ. ಇಲ್ಲದಿದ್ದರೆ ತೆಗೆದ ಕಡೆ ಮೂರು ಚುಕ್ಕೆಯಾದರೂ ಇಡಿ. ಮೂರು ಚುಕ್ಕೆಗೆ ಎಷ್ಟು ಜಾಗ ಬೇಕು?

ಕೊನೆಯ ಪುಟದಲ್ಲಿ ಡಿಟಿಪಿ ಮಾಡಿದವರ ಹೆಸರಿದೆ, ಮುಖಪುಟ ಮಾಡಿದವರ ಹೆಸರಿದೆ, ಮುದ್ರಣಾಲಯದ ಹೆಸರಿದೆ. ಬರಹಗಳನ್ನು ತಿದ್ದಿದವರ ಹೆಸರು ಇಲ್ಲ. 'ಸಂಪಾದಕ ಮಂಡಳಿ' ಎಂದಷ್ಟೇ ಇದೆ. ಮಂಡಳಿಯ ಬಳಿ ಹೋಗಿ ಯಾವ ಮಗುವೂ ಪ್ರಶ್ನೆ ಕೇಳಲಾರದು. ಯಾವ ವಿಭಾಗವನ್ನು ಯಾರು ತಿದ್ದಿದರು ಎಂದು ಹೆಸರು ಹಾಕಿ.

1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ ನಿಮಗೆ ಗೊತ್ತೇ ಇರುತ್ತದೆ. ಅದರ 13ನೇ ವಿಧಿ ಮಕ್ಕಳಿಗೆ ಮಾತಿನಲ್ಲಿ, ಬರಹದಲ್ಲಿ, ಅಚ್ಚಿನಲ್ಲಿ, ಕಲೆಯಲ್ಲಿ ತಮ್ಮ ಮನಸ್ಸಿನದ್ದನ್ನು ಹೇಳುವ ಹಕ್ಕಿದೆ ಅನ್ನುತ್ತದೆ. ಅದಕ್ಕೆ ಮಿತಿಗಳೂ ಇವೆ. ಬೇರೆಯವರ ಹಕ್ಕು, ಬೇರೆಯವರ ಹೆಸರು ಕೆಡಿಸಬಾರದು ಎಂಬಂಥ ಮಿತಿಗಳು. ಅಜ್ಜ ಹೋದ ರಾತ್ರಿ ನಿದ್ದೆ ಬಂತು ಅನ್ನುವುದು ಆ ಪಟ್ಟಿಯಲ್ಲಿ ಎಲ್ಲಿ ಬರುತ್ತದೆ ಎಂದು ನಾನು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ.

ಕೊನೆಯದು ನನ್ನ ಮಗಳ ವಿಷಯ. ಟೀಚರ್ ಒಮ್ಮೆ ಅವಳನ್ನು ಕರೆದು, ಹತ್ತು ನಿಮಿಷ ಕೂರಿಸಿಕೊಂಡು ಮಾತಾಡಲಿ. ಕ್ಷಮೆ ಕೇಳಬೇಕಾಗಿಲ್ಲ. ಆ ನಾಲ್ಕು ವಾಕ್ಯ ಯಾಕೆ ತೆಗೆದರು, ಆ ಒಂದು ವಾಕ್ಯ ಯಾಕೆ ಸೇರಿಸಿದರು ಎಂದು ಅವಳಿಗೆ ಹೇಳಲಿ. ಅವಳು ವಾದ ಮಾಡಬಹುದು. ಮಾಡಿದರೆ ಕೇಳಿಸಿಕೊಳ್ಳಲಿ. ಜಗಳ ಅವಳಿಗೆ ಚೆನ್ನಾಗಿಯೇ ಬರುತ್ತದೆ, ನನಗೆ ಅನುಭವ ಇದೆ.

ಈ ವರ್ಷದ ಸಂಚಿಕೆಗೆ ಬರಹ ಕೇಳಿ ಸುತ್ತೋಲೆ ಬಂದಿದೆ. ಅದು ಅವಳ ಚೀಲದ ಮುಂದಿನ ಜೇಬಿನಲ್ಲಿ ನಾಲ್ಕು ಮಡಿಕೆಯಾಗಿ ಹಾಗೇ ಇದೆ. ಕೊಡುತ್ತೀಯಾ ಎಂದು ನಾನು ಕೇಳಿಲ್ಲ. ಕೊನೆಯ ದಿನಾಂಕಕ್ಕೆ ಇನ್ನೂ ಮೂರು ವಾರ ಇದೆ.

ಇತಿ,
ನಿಮ್ಮ ವಿಶ್ವಾಸಿ,
ಒಂಬತ್ತನೇ ತರಗತಿಯ ಒಬ್ಬ ವಿದ್ಯಾರ್ಥಿನಿಯ ತಂದೆ